ಮಿಲಿಟರಿ ಬ್ಯಾಗ್ ಹೊತ್ತು ಚಾರಣ ಹೋಗಬಹುದೇ? ಪದೇ ಪದೇ ಕೇಳುವ ಪ್ರಶ್ನೆಗಳು

ಚಾರಣಕ್ಕೆ ಹೊರಡುವ ಗುಂಪಿನಲ್ಲಿ ಒಬ್ಬರಾದರೂ ಹಸಿರು ಬಣ್ಣದ ಸೇನಾ ಚೀಲ ಹೊತ್ತು ಬಂದಿರುತ್ತಾರೆ. ಅದನ್ನು ನೋಡಿದವರು ದಾರಿಯುದ್ದಕ್ಕೂ ಒಂದೊಂದೇ ಪ್ರಶ್ನೆ ಕೇಳುತ್ತಾರೆ, ಊರಿಗೆ ಮರಳಿದ ಮೇಲೆ ಫೋನಿನಲ್ಲೂ ಕೇಳುತ್ತಾರೆ. ಅವನ್ನೆಲ್ಲ ಅವರವರ ಮಾತಿನಲ್ಲೇ ಇಟ್ಟು ಇಲ್ಲಿ ಉತ್ತರಿಸಿದ್ದೇನೆ. ಹೊಸಬರು ಮೊದಲಿನಿಂದ ಓದಿ. ಚೀಲ ಈಗಾಗಲೇ ಮನೆಯಲ್ಲಿದ್ದವರು ಎರಡನೇ ಭಾಗಕ್ಕೆ ಹೋಗಬಹುದು.

## ಕೊಳ್ಳುವ ಮುಂಚೆ

ಮಿಲಿಟರಿ ಬ್ಯಾಗ್ ಅಂದ್ರೆ ಗಟ್ಟಿ. ಹಾಗಿದ್ಮೇಲೆ ಟ್ರೆಕ್ಕಿಂಗ್‌ಗೆ ಅದೇ ಒಳ್ಳೇದಲ್ವಾ?

ಗಟ್ಟಿ ಎನ್ನುವುದು ನಿಜ. ಆದರೆ ಆ ಗಟ್ಟಿತನ ಬಂದಿರುವುದು ನಮ್ಮ ಅಗತ್ಯಕ್ಕಾಗಿ ಅಲ್ಲ. ಸೇನೆ ಚೀಲ ಮಾಡಿಸುವಾಗ ಅದನ್ನು ಲಾರಿಯಿಂದ ಎಸೆಯುತ್ತಾರೆ, ಪ್ಯಾರಾಶೂಟಿನ ಜೊತೆ ಇಳಿಸುತ್ತಾರೆ, ಒಬ್ಬ ಸೈನಿಕನಿಂದ ಇನ್ನೊಬ್ಬನ ಕೈಗೆ ವರ್ಷಗಟ್ಟಲೆ ದಾಟಿಸುತ್ತಾರೆ ಎಂದು ಲೆಕ್ಕ ಹಾಕಿರುತ್ತದೆ. ಒಳಗೆ ಮದ್ದುಗುಂಡು, ರೇಡಿಯೊ, ಬ್ಯಾಟರಿ, ನೀರು ತುಂಬುತ್ತಾರೆ. ದಾಳಿಯಾದ ಕ್ಷಣ ಹೆಗಲಿನಿಂದ ಕಳಚಿ ಬೀಳಿಸಲು ಪಟ್ಟಿಯಲ್ಲೇ ಬಿಚ್ಚುಕೊಕ್ಕೆ ಇಟ್ಟಿರುತ್ತಾರೆ. ಇಷ್ಟೆಲ್ಲಕ್ಕೂ ದಪ್ಪ ಬಟ್ಟೆ, ಜೋಡಿ ಹೊಲಿಗೆ, ಅಗಲದ ಪಟ್ಟಿ ಬೇಕು. ಅವೆಲ್ಲದರ ತೂಕ ಹೊರುವವನ ಬೆನ್ನಿಗೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಒಂದು ದಿನದ ಚಾರಣಕ್ಕೆ ಸೇನೆಯ ಸಣ್ಣ ಚೀಲ ಚೆನ್ನಾಗಿಯೇ ನಡೆಯುತ್ತದೆ. ಒಂದು ರಾತ್ರಿ ತಂಗುವ ಪ್ರವಾಸಕ್ಕೆ, ಸೊಂಟದ ಪಟ್ಟಿ ನಿಮ್ಮ ಮೈಗೆ ಹೊಂದಿದರೆ, ಅಡ್ಡಿಯಿಲ್ಲ. ನಾಲ್ಕೈದು ದಿನ ಏರಿಳಿಯುವ ಬೆಟ್ಟದ ದಾರಿಗೆ ಮಾತ್ರ ಬೇಡ. ಬಟ್ಟೆ ಎಷ್ಟು ಗಟ್ಟಿ ಎಂದು ನೋಡುವ ಮೊದಲು ಭಾರ ಸೊಂಟಕ್ಕೆ ಇಳಿಯುತ್ತದೆಯೇ ಎಂದು ನೋಡಿ. ಚಾರಣಿಗನಿಗೆ ಬೇಕಾದ ಪರೀಕ್ಷೆ ಅದು.

ಅಂಗಡೀಲಿ "ಆರ್ಮಿ ಬ್ಯಾಗ್" ಅಂತ ಮಾರೋದೆಲ್ಲ ನಿಜವಾಗ್ಲೂ ಆರ್ಮಿದಾ?

ಬಹುಪಾಲು ಅಲ್ಲ. ದಂಡುಪ್ರದೇಶಗಳ ಆಸುಪಾಸಿನ ಅಂಗಡಿಗಳಲ್ಲೂ ಆನ್‌ಲೈನಿನಲ್ಲೂ ಮೂರು ಬಗೆಯ ಮಾಲು ಬೆರೆತಿರುತ್ತದೆ: ಸೇನೆ ಬಳಸಿ ಹರಾಜು ಹಾಕಿದ್ದು, ಸೈನಿಕರೇ ಸ್ವಂತ ದುಡ್ಡಿನಲ್ಲಿ ಕೊಳ್ಳಲೆಂದು ಖಾಸಗಿಯವರು ಹೊಲಿದಿದ್ದು, ಬರೀ ಬಣ್ಣ ಮತ್ತು ಪಟ್ಟಿಗಳನ್ನು ನಕಲು ಮಾಡಿ "ಟ್ಯಾಕ್ಟಿಕಲ್" ಎಂದು ಹೆಸರಿಟ್ಟಿದ್ದು. ಎರಡನೆಯದು ಕೆಲವೊಮ್ಮೆ ಮೊದಲನೆಯದಕ್ಕಿಂತ ಚೆನ್ನಾಗಿರುತ್ತದೆ. ಮೂರನೆಯದರಲ್ಲಿ ತೂಕ ಮಾತ್ರ ಸೇನೆಯದು, ಬಾಳಿಕೆ ಅಲ್ಲ. ಅಂಥದ್ದರಲ್ಲಿ ಹೆಗಲಪಟ್ಟಿ ಚೀಲಕ್ಕೆ ಕೂಡುವ ಜಾಗ ಮೊದಲು ಕಿತ್ತು ಬರುತ್ತದೆ.

ಅಮೆರಿಕದ ಮತ್ತು ನ್ಯಾಟೊ ದೇಶಗಳ ಅಸಲಿ ಸಾಮಾನಿನ ಒಳಗೆ ಹೊಲಿದ ಲೇಬಲ್ಲಿನಲ್ಲಿ 13 ಅಂಕಿಗಳ ದಾಸ್ತಾನು ಸಂಖ್ಯೆ ಇರುತ್ತದೆ. ಮೊದಲ ನಾಲ್ಕು ಅಂಕಿ 8465 ಆಗಿದ್ದರೆ ಅದು ಸೈನಿಕನ ವೈಯಕ್ತಿಕ ಸಲಕರಣೆಯ ವರ್ಗ. ಮುಂದಿನ ಎರಡು ಅಂಕಿ ದೇಶದ್ದು: 00 ಅಥವಾ 01 ಅಮೆರಿಕ, 99 ಬ್ರಿಟನ್, 12 ಜರ್ಮನಿ. ಲೇಬಲ್ಲನ್ನೂ ನಕಲು ಮಾಡುವವರಿದ್ದಾರೆ, ಆದ್ದರಿಂದ ಹೊಲಿಗೆಯನ್ನೂ ನೋಡಿ. ಭಾರ ಬೀಳುವ ಕಡೆಯಲ್ಲೆಲ್ಲ ಚೌಕದೊಳಗೆ ಅಡ್ಡಗೆರೆ ಎಳೆದಂತೆ ಒತ್ತು ಹೊಲಿಗೆ ಇರಬೇಕು.

ಆಲಿಸ್, ಮಾಲಿ, ಬರ್ಗನ್ ಅಂತೆಲ್ಲ ಹೇಳ್ತಾರೆ. ಯಾವುದು ಏನು, ಯಾವುದನ್ನ ತಗೊಳ್ಳಲಿ?

ಆಲಿಸ್ ಅಮೆರಿಕದ ಸೇನೆ 1973ರಲ್ಲಿ ಅಧಿಕೃತಗೊಳಿಸಿದ, ಸಲಕರಣೆ ಹೊರುವ ವ್ಯವಸ್ಥೆ. ನೈಲಾನ್ ಚೀಲ, ಹಿಂದೆ ಅಲ್ಯುಮಿನಿಯಂ ಕೊಳವೆಯ ಚೌಕಟ್ಟು. ಮಧ್ಯಮ ಮತ್ತು ದೊಡ್ಡದು ಎಂಬ ಎರಡು ಅಳತೆ. ಮಧ್ಯಮವನ್ನು 50 ಪೌಂಡ್ ಅಂದರೆ ಸುಮಾರು 23 ಕಿಲೋ ಭಾರಕ್ಕೆ, ದೊಡ್ಡದನ್ನು 70 ಪೌಂಡ್ ಅಂದರೆ ಸುಮಾರು 32 ಕಿಲೋ ಭಾರಕ್ಕೆ ರೂಪಿಸಿದ್ದರು. ಮಧ್ಯಮವನ್ನು ಚೌಕಟ್ಟಿಲ್ಲದೆಯೂ ಹೊರಬಹುದು, ದೊಡ್ಡದಕ್ಕೆ ಚೌಕಟ್ಟು ಬೇಕೇ ಬೇಕು. ಚೌಕಟ್ಟು ಬೆನ್ನಿಗೂ ಚೀಲಕ್ಕೂ ನಡುವೆ ಗಾಳಿಯಾಡಲು ಜಾಗ ಬಿಡುವುದರಿಂದ ನಮ್ಮ ಕರಾವಳಿಯ ಸೆಕೆಯಲ್ಲಿ ಹಿತ ಎನಿಸುತ್ತದೆ. ಆದರೆ ಮೂಲ ಹೆಗಲಪಟ್ಟಿ ತೆಳು, ಸೊಂಟದ ಪಟ್ಟಿ ಹೆಸರಿಗಷ್ಟೇ. ಕೆಳಬೆನ್ನಿಗೆ ಒತ್ತುವ ಮೆತ್ತೆ ಕೆಲವರ ಚರ್ಮ ಕೆತ್ತಿಬಿಡುತ್ತದೆ.

ಮಾಲಿ ಅದೇ ಅಮೆರಿಕದ ಸೇನೆಗೆ 1990ರ ದಶಕದ ಕೊನೆಯಲ್ಲಿ ಬಂತು. ಮೈತುಂಬ ಸಾಲುಸಾಲಾಗಿ ಹೊಲಿದ ಪಟ್ಟಿಗಳಿಗೆ ಬೇಕಾದ ಜೇಬುಗಳನ್ನು ಹೆಣೆದು ಕೂಡಿಸುವ ಪದ್ಧತಿ ಇದರದ್ದು. ಚೌಕಟ್ಟು ಪ್ಲಾಸ್ಟಿಕ್. ಮೊದಲ ತಲೆಮಾರಿನ ಚೌಕಟ್ಟಿನಲ್ಲಿ ಸೊಂಟಪಟ್ಟಿಗೆ ಗುಂಡುಕೀಲಿನ ಜೋಡಣೆ ಇತ್ತು. ಅದು ಮುರಿಯುತ್ತಿದೆ ಎಂಬ ದೂರು ಬಂದು ಮುಂದಿನ ತಲೆಮಾರಿನಲ್ಲಿ ವಿನ್ಯಾಸವನ್ನೇ ಬದಲಿಸಿದರು. ಹಾಗಾಗಿ ಹಳೆಯ ಮಾಲಿ ಚೌಕಟ್ಟು ಕೊಳ್ಳಬೇಡಿ. ಎರಡನೇ ತಲೆಮಾರಿನ ದೊಡ್ಡ ಚೀಲದ ಸೊಂಟಪಟ್ಟಿ ನಿಜಕ್ಕೂ ಕೆಲಸ ಮಾಡುತ್ತದೆ, ಮೆತ್ತೆಯೂ ದಪ್ಪ. ಎಲ್ಲ ಸೇರಿ ಖಾಲಿ ತೂಕ ಮಾತ್ರ ಮೂರೂವರೆ ಕಿಲೋ ದಾಟುತ್ತದೆ.

ಬರ್ಗನ್ ಬ್ರಿಟಿಷ್ ಸೈನಿಕರ ದೊಡ್ಡ ಚೀಲ. ಎರಡು ಪಕ್ಕದ ಜೇಬು ಸೇರಿಸಿದರೆ ನೂರು ಲೀಟರಿಗೂ ಮೀರಿ ಹಿಡಿಯುತ್ತದೆ. ಆ ಎರಡು ಜೇಬುಗಳನ್ನು ಬಿಚ್ಚಿ, ಝಿಪ್ ಹಾಕಿ ಒಂದಕ್ಕೊಂದು ಸೇರಿಸಿ, ಬೇರೆ ಹೆಗಲಪಟ್ಟಿ ಕಟ್ಟಿದರೆ ಒಂದು ಪುಟ್ಟ ಬೆನ್ನುಚೀಲ ಸಿದ್ಧ. ಬರ್ಗನ್‌ನಲ್ಲಿ ನನಗೆ ಬಹಳ ಇಷ್ಟವಾದ ಭಾಗ ಅದು. ಚಾರಣಕ್ಕೆ ಬರ್ಗನ್ ಅನ್ನೇ ಹೊರುವುದಕ್ಕಿಂತ ಅದರ ಪಕ್ಕದ ಜೇಬುಗಳನ್ನಷ್ಟೇ ಹೊರುವುದು ಜಾಣತನ.

ಸ್ವೀಡನ್ ಸೇನೆಯ ಎಲ್‌ಕೆ 35 ಕೂಡ ಆನ್‌ಲೈನಿನಲ್ಲಿ ಕಾಣುತ್ತದೆ. 35 ಲೀಟರ್, ಹೊರಚೌಕಟ್ಟು, ಸರಳ ರಚನೆ. ನೋಡಲು ಚೆಂದ, ಹತ್ತು ಕಿಲೋ ಒಳಗಿನ ಹೊರೆಗೆ ಸಾಕು. ಇಷ್ಟರಲ್ಲಿ ಒಂದನ್ನು ಆರಿಸು ಎಂದರೆ ಸಣ್ಣ ಪ್ರವಾಸಕ್ಕೆ ಮಧ್ಯಮ ಆಲಿಸ್, ದೊಡ್ಡ ಹೊರೆಗೆ ಎರಡನೇ ತಲೆಮಾರಿನ ಮಾಲಿ ಎನ್ನುತ್ತೇನೆ.

ನಾವು ಕುದುರೆಮುಖ, ಮುಳ್ಳಯ್ಯನಗಿರಿ ಅಂತ ಒಂದೊಂದು ದಿನದ ಟ್ರೆಕ್ ಅಷ್ಟೇ ಮಾಡೋದು. ಸಣ್ಣ ಅಸಾಲ್ಟ್ ಪ್ಯಾಕ್ (ಸೈನಿಕರ ಪುಟ್ಟ ಬೆನ್ನುಚೀಲ) ಸಾಕಾ?

ಸಾಕು. ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ರಾತ್ರಿ ಡೇರೆ ಹಾಕಲು ಬಿಡುವುದಿಲ್ಲ. ಬೆಳಿಗ್ಗೆ ಮುಳ್ಳೋಡಿಯಿಂದ ಹತ್ತಿ ಸಂಜೆಯೊಳಗೆ ಇಳಿಯಬೇಕು. ಎರಡು ಮೂರು ಲೀಟರ್ ನೀರು, ಬುತ್ತಿ, ಮಳೆಯಂಗಿ, ಟಾರ್ಚು, ಔಷಧಿ ಸೇರಿ ಐದಾರು ಕಿಲೋ ಆದೀತು. ಅಷ್ಟನ್ನು ಹೆಗಲೇ ಹೊರಬಲ್ಲದು, ದೊಡ್ಡ ಸೊಂಟಪಟ್ಟಿಯ ಮಾತೇ ಬರುವುದಿಲ್ಲ. 25ರಿಂದ 35 ಲೀಟರಿನ ಸೇನಾ ಚೀಲ ಇದಕ್ಕೆ ಒಪ್ಪುತ್ತದೆ. ದೊಡ್ಡ ಚೀಲ ಕೊಂಡರೆ ಅದರಲ್ಲಿ ಜಾಗ ಇದೆಯಲ್ಲ ಎಂದು ಬೇಡದ್ದನ್ನೂ ತುಂಬುತ್ತೀರಿ.

ನಮ್ಮ ಮಾವ ಸೇನೇಲಿದ್ರು. ಅವರ ಪಿಟ್ಠು (ಸೈನಿಕರ ಬೆನ್ನುಚೀಲ) ಅಟ್ಟದ ಮೇಲಿದೆ. ತೆಗೆದು ಬಳಸಬಹುದಾ?

ಕೊಡಗಿನ ಮನೆಗಳಿಂದ, ಬೆಳಗಾವಿ ಕಡೆಯಿಂದ ಈ ಪ್ರಶ್ನೆ ಹೆಚ್ಚು ಬರುತ್ತದೆ. ಮೊದಲು ಮಾವನವರನ್ನು ಕೇಳಿ. ಅವರಿಗೆ ಅದು ಬರೀ ಚೀಲ ಆಗಿರಲಾರದು. ಒಪ್ಪಿದರೆ ಬಿಸಿಲಲ್ಲಿ ಬಿಡಿಸಿ ಹರಡಿ, ಹೊಲಿಗೆಯ ದಾರವನ್ನು ಉಗುರಿನಿಂದ ಎಳೆದು ನೋಡಿ. ಹಳೆಯ ಕ್ಯಾನ್ವಾಸಿನಲ್ಲಿ ಬಟ್ಟೆಗಿಂತ ಮೊದಲು ಹತ್ತಿಯ ದಾರ ಸಾಯುತ್ತದೆ. ದಾರ ಪುಡಿಯಾಗುತ್ತಿದ್ದರೆ ಚಪ್ಪಲಿ ಹೊಲಿಯುವವರ ಹತ್ತಿರ ನೈಲಾನ್ ದಾರದಲ್ಲಿ ಹೆಗಲಪಟ್ಟಿಗಳನ್ನು ಮತ್ತೆ ಹೊಲಿಸಿ. ಹಿತ್ತಾಳೆ ಬಕಲ್ಲುಗಳಿಗೆ ಹಸಿರು ಕಿಲುಬು ಕಟ್ಟಿದ್ದರೆ ಹುಣಸೆಹಣ್ಣು ಹಾಕಿ ತಿಕ್ಕಿದರೆ ಹೋಗುತ್ತದೆ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಮರೆಯಬೇಡಿ. ಯಾವ ಹಳೆಯ ಸೇನಾ ಚೀಲವೇ ಇರಲಿ, ಮನೆಯದಾಗಲಿ ಕೊಂಡದ್ದಾಗಲಿ, ಪ್ರತಿ ಜೇಬು, ಪ್ರತಿ ಪದರವನ್ನು ಒಳಗುಹೊರಗು ಮಾಡಿ ತಡಕಿ. ಎಲ್ಲೋ ಮೂಲೆಯಲ್ಲಿ ಕಾಡತೂಸು ಉಳಿದಿದ್ದರೆ ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಕಾಣುತ್ತದೆ, 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪ್ರಕರಣವಾಗುತ್ತದೆ. ಅರಣ್ಯ ತನಿಖಾ ಠಾಣೆಯಲ್ಲಿ ಸಿಕ್ಕರೂ ಬೇಟೆಯ ಅನುಮಾನ ಬರುತ್ತದೆ. ಮನೆಯಲ್ಲಿ ಸಿಕ್ಕರೆ ಬಿಸಾಡಬೇಡಿ, ಪೊಲೀಸ್ ಠಾಣೆಗೆ ತಿಳಿಸಿ ಒಪ್ಪಿಸಿ.

## ಭಾರ, ಬೆನ್ನು, ಸೊಂಟ

ಖಾಲಿ ಬ್ಯಾಗೇ ಮೂರೂವರೆ ಕಿಲೋ ಅಂತೀರಿ. ಒಂದೆರಡು ಕಿಲೋ ಹೆಚ್ಚಾದ್ರೆ ಏನಾಗುತ್ತೆ?

ಹಲವು ದಿನದ ಚಾರಣಕ್ಕೆ ಬೆನ್ನಿನ ಹೊರೆ ಮೈತೂಕದ ಐದನೇ ಒಂದು ಭಾಗ ಮೀರದಿರಲಿ ಎಂಬ ಲೆಕ್ಕ ಚಾರಣಿಗರಲ್ಲಿ ರೂಢಿಯಲ್ಲಿದೆ. ನಿಮ್ಮ ತೂಕ 60 ಕಿಲೋ ಎಂದಿಟ್ಟುಕೊಳ್ಳಿ. ನಿಮ್ಮ ಪಾಲಿಗೆ 12 ಕಿಲೋ. ಅದರಲ್ಲಿ ಮೂರೂವರೆ ಕಿಲೋ ಚೀಲವೇ ನುಂಗಿದರೆ ಉಳಿದದ್ದು ಎಂಟೂವರೆ. ನೀರು ಮೂರು ಲೀಟರ್ ಎಂದರೆ ಮೂರು ಕಿಲೋ. ಮಲಗುವ ಚೀಲ, ಬಟ್ಟೆ, ಊಟಕ್ಕೆ ಮಿಕ್ಕಿದ್ದು ಐದೂವರೆ ಕಿಲೋ ಮಾತ್ರ. ಅದೇ ಒಂದೂವರೆ ಕಿಲೋದ ನಾಗರಿಕ ಚೀಲವಾಗಿದ್ದರೆ ಉಳಿದ ಎರಡು ಕಿಲೋದಲ್ಲಿ ಬೆಚ್ಚನೆಯ ಅಂಗಿಯೂ ಎರಡು ಹೊತ್ತಿನ ಊಟವೂ ಬರುತ್ತಿತ್ತು.

ಕುಕ್ಕೆಯಿಂದ ಕುಮಾರಪರ್ವತ ಏರುವವರಿಗೆ ಇದು ಗಿರಿಗದ್ದೆ ದಾಟಿದ ಮೇಲೆ ಅರ್ಥವಾಗುತ್ತದೆ. ಶೇಷಪರ್ವತದ ಕಡೆಗೆ ನೆರಳಿಲ್ಲದ ಹುಲ್ಲುಗಾವಲ ಏರು ಶುರುವಾದಾಗ ಆ ಎರಡು ಕಿಲೋ ಪ್ರತಿ ಹೆಜ್ಜೆಗೂ ಲೆಕ್ಕ ಕೇಳುತ್ತದೆ. ಇಳಿಯುವಾಗಲಂತೂ ಅದನ್ನು ತಡೆಯುವುದು ಮಂಡಿ.

ಬೆಲ್ಟ್ ಕಟ್ಕೊಂಡ್ರೂ ಭಾರ ಎಲ್ಲ ಹೆಗಲ ಮೇಲೇ ಬೀಳುತ್ತಲ್ಲ, ಯಾಕೆ?

ನೀವು ಕಟ್ಟಿದ್ದರಲ್ಲಿ ತಪ್ಪಿಲ್ಲದಿರಬಹುದು. ಬಹಳಷ್ಟು ಹಳೆಯ ಸೇನಾ ಚೀಲಗಳನ್ನು ಮಾಡಿರುವುದೇ ಹಾಗೆ. ಸೈನಿಕನ ಸೊಂಟದಲ್ಲಿ ಆಗಲೇ ಇನ್ನೊಂದು ಪಟ್ಟಿ ಇರುತ್ತದೆ. ಅದರಲ್ಲಿ ನೀರಿನ ಬಾಟಲಿ, ಗುಂಡಿನ ಜೇಬುಗಳು, ಗುದ್ದಲಿ ತೂಗುತ್ತವೆ. ಬೆನ್ನುಚೀಲ ಆ ಪಟ್ಟಿಯ ಮೇಲ್ಗಡೆಗೇ ನಿಲ್ಲಬೇಕು. ಅದಕ್ಕೇ ಚೀಲ ಗಿಡ್ಡ. ಬ್ರಿಟಿಷ್ ಬರ್ಗನ್‌ನಲ್ಲಿ ಗಿಡ್ಡ ಬೆನ್ನು, ಉದ್ದ ಬೆನ್ನು ಎಂದು ಎರಡು ಮಾದರಿ ಬಂದದ್ದು ಈ ಕಾರಣಕ್ಕೇ. ಗಿಡ್ಡದ್ದು ಸೊಂಟದ ಸಲಕರಣೆ ಕಟ್ಟಿದವನಿಗೆ. ಇನ್ನು ಇತ್ತೀಚಿನ ಚೀಲಗಳಲ್ಲಿ ಹೆಗಲಪಟ್ಟಿಯನ್ನು ಗುಂಡುನಿರೋಧಕ ಕವಚದ ಮೇಲೆ ಕೂರುವಂತೆ ಅಳತೆ ಮಾಡಿರುತ್ತಾರೆ. ಬರೀ ಟೀಶರ್ಟಿನ ಮೇಲೆ ಹಾಕಿದರೆ ಪಟ್ಟಿ ಪೂರ್ತಿ ಎಳೆದರೂ ಸಡಿಲ.

ಹಾಗಾಗಿ ಚಾರಣಿಗ ಕೊಳ್ಳುವುದಾದರೆ ಬರ್ಗನ್‌ನಲ್ಲಿ ಉದ್ದ ಬೆನ್ನಿನದ್ದನ್ನೇ ನೋಡಬೇಕು. ಯಾವುದೇ ಚೀಲವಾಗಲಿ ಅಂಗಡಿಯಲ್ಲೇ ಹತ್ತು ಕಿಲೋ ತುಂಬಿ ಹಾಕಿಕೊಳ್ಳಿ. ಮೊದಲು ಸೊಂಟಪಟ್ಟಿ ಬಿಗಿದು, ಆಮೇಲೆ ಹೆಗಲಪಟ್ಟಿ. ಈಗ ಹೆಗಲಪಟ್ಟಿಯ ಕೆಳಗೆ ಎರಡು ಬೆರಳು ತೂರಿಸಿ. ಸುಲಭವಾಗಿ ತೂರಿದರೆ ಭಾರ ಸೊಂಟಕ್ಕೆ ಇಳಿದಿದೆ. ಬೆರಳು ಒಳಗೆ ಹೋಗದಷ್ಟು ಒತ್ತುತ್ತಿದ್ದರೆ ಆ ಚೀಲ ನಿಮ್ಮದಲ್ಲ.

ನಾನು ಐದಡಿ ಎತ್ತರ ಇದ್ದೀನಿ ಮೇಡಂ. ಸೇನೆ ಬ್ಯಾಗ್ ನನ್ನಂಥ ಹೆಂಗಸರಿಗೆ ಆಗುತ್ತಾ?

ನಿಮ್ಮ ಎತ್ತರಕ್ಕಿಂತ ಬೆನ್ನಿನ ಉದ್ದ ಮುಖ್ಯ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಉಬ್ಬಿ ಕಾಣುವ ಮೂಳೆಯಿಂದ, ಸೊಂಟದ ಮೂಳೆಯ ಮೇಲಂಚಿಗೆ ಎರಡೂ ಕೈಯ ಹೆಬ್ಬೆರಳನ್ನು ಹಿಂದಕ್ಕೆ ಇಟ್ಟಾಗ ಅವು ಸೇರುವ ಜಾಗದವರೆಗೆ ದರ್ಜಿಯ ಟೇಪಿನಲ್ಲಿ ಇನ್ನೊಬ್ಬರಿಂದ ಅಳತೆ ತೆಗೆಸಿ. ಗಿಡ್ಡಗಿರುವ ಕೆಲವರ ಬೆನ್ನು ಉದ್ದ, ಎತ್ತರದ ಕೆಲವರದ್ದು ಗಿಡ್ಡ.

ಆಲಿಸ್ ಚೌಕಟ್ಟು ಒಂದೇ ಅಳತೆಯದ್ದು, ಬೆನ್ನಿಗೆ ತಕ್ಕಂತೆ ಹಿಗ್ಗುವುದಿಲ್ಲ ಕುಗ್ಗುವುದಿಲ್ಲ. ಬೆನ್ನು ಗಿಡ್ಡವಾಗಿದ್ದರೆ ಚೌಕಟ್ಟಿನ ಕೆಳಗಂಬಿ ಪೃಷ್ಠಕ್ಕೆ ಬಡಿಯುತ್ತದೆ. ಮಾಲಿಯಲ್ಲಿ ಹೆಗಲಪಟ್ಟಿಯನ್ನು ಚೌಕಟ್ಟಿನಲ್ಲಿ ಮೇಲೆ ಕೆಳಗೆ ಸರಿಸಬಹುದು, ಅದು ವಾಸಿ. ಆದರೂ ಹೆಗಲಪಟ್ಟಿಗಳ ನಡುವಿನ ಅಂತರ ಗಂಡಸಿನ ಅಗಲದ ಹೆಗಲಿಗೆ ಇಟ್ಟದ್ದು, ಸೊಂಟಪಟ್ಟಿಯ ಓರೆಯೂ ಹಾಗೇ. ಹೆಂಗಸರಿಗೆಂದೇ ಕತ್ತರಿಸಿದ ನಾಗರಿಕ ಚೀಲಗಳಲ್ಲಿ ಪಟ್ಟಿ ಒಳಮುಖವಾಗಿ ಬಾಗಿ ಎದೆಯ ಪಕ್ಕಕ್ಕೆ ಸರಿಯುತ್ತದೆ. ಒಂದು ದಿನದ ಸಣ್ಣ ಚೀಲವಾದರೆ ಚಿಂತೆಯಿಲ್ಲ. ದೊಡ್ಡ ಹೊರೆಗೆ, ನಿಮಗಾದರೆ ಸೇನಾ ಚೀಲ ಬೇಡ ಎಂದೇ ಹೇಳುತ್ತೇನೆ.

ಎರಡು ಗಂಟೆ ನಡೆದ್ಮೇಲೆ ಕೈಬೆರಳು ಜುಮ್ ಅನ್ನುತ್ತೆ. ರಕ್ತ ಓಡ್ತಿಲ್ಲ ಅನ್ಸುತ್ತೆ. ತಡ್ಕೊಂಡು ನಡೀಬಹುದಾ?

ತಡೆದುಕೊಳ್ಳಬೇಡಿ. ಕತ್ತಿನಿಂದ ಕೈಗೆ ಹೋಗುವ ನರಗಳ ಗುಚ್ಛ ಹೆಗಲ ಮುಂಭಾಗದಲ್ಲೇ ಹಾಯುತ್ತದೆ. ಭಾರದ ಪಟ್ಟಿ ಅದನ್ನು ಒತ್ತಿದಾಗ ಜೋಮು ಹಿಡಿಯುತ್ತದೆ. ಒತ್ತಡ ಮುಂದುವರಿದರೆ ತೋಳಿನ ಬಲವೇ ಕುಂದಬಹುದು. ಸೈನ್ಯದ ವೈದ್ಯರು ಇದನ್ನು ಬೆನ್ನುಚೀಲದ ಪಾರ್ಶ್ವವಾಯು ಎಂದೇ ಗುರುತಿಸಿದ್ದಾರೆ. ಸೊಂಟಪಟ್ಟಿಯೂ ಚೌಕಟ್ಟೂ ಇಲ್ಲದ ಚೀಲದಲ್ಲಿ ಅಪಾಯ ಹೆಚ್ಚು. ಕೂಡಲೇ ಚೀಲ ಇಳಿಸಿ, ಹೆಗಲು ತಿರುಗಿಸಿ, ಸೊಂಟಪಟ್ಟಿ ಬಿಗಿದು, ಎದೆಪಟ್ಟಿ ಇದ್ದರೆ ಸಡಿಲಿಸಿ. ಒಂದಿಷ್ಟು ಸಾಮಾನನ್ನು ಜೊತೆಗಾರರಿಗೆ ಹಂಚಿ. ಊರಿಗೆ ಬಂದ ಮೇಲೂ ಜೋಮು ಅಥವಾ ನಿಶ್ಶಕ್ತಿ ಉಳಿದಿದ್ದರೆ ವೈದ್ಯರನ್ನು ಕಾಣಿ.

## ಮಳೆ, ಮುಳ್ಳು, ಬೂಷ್ಟು

ಸೇನೆದಲ್ವಾ, ಮಳೆಗೆ ನೆನೆಯಲ್ಲ ತಾನೆ?

ನೆನೆಯುತ್ತದೆ. ಬಟ್ಟೆಯ ಒಳಮೈಗೆ ನೀರು ತಡೆಯುವ ಲೇಪನ ಇದ್ದರೂ ಹೊಲಿಗೆಯ ತೂತು, ಝಿಪ್, ಬಾಯಿಕಟ್ಟುಗಳಿಂದ ನೀರು ಇಳಿಯುತ್ತದೆ. ಸೈನಿಕರು ಕೂಡ ಒಳಗೆ ಬೇರೆ ಜಲನಿರೋಧಕ ಚೀಲ ಇಟ್ಟು ಅದರಲ್ಲಿ ಬಟ್ಟೆಬರೆ ತುಂಬುತ್ತಾರೆ. ನೀವೂ ಹಾಗೇ ಮಾಡಿ. ದಪ್ಪ ಪ್ಲಾಸ್ಟಿಕ್ಕಿನ ದೊಡ್ಡ ಚೀಲವೊಂದನ್ನು ಒಳಗೆ ಬಿಡಿಸಿ ಇಟ್ಟು, ಸಾಮಾನು ತುಂಬಿ, ಬಾಯಿ ತಿರುಚಿ ಮಡಚಿ ಕಟ್ಟಿ. ಆಗುಂಬೆಯ ಆಷಾಢದ ಮಳೆಯಲ್ಲೂ ಮಲಗುವ ಚೀಲ ಒಣಗಿರುತ್ತದೆ. ಹೊರಗಿನ ರೇನ್ ಕವರ್ ಒಂದನ್ನೇ ನಂಬಬೇಡಿ, ಬೆನ್ನಿನ ಕಡೆಯಿಂದ ಇಳಿಯುವ ನೀರಿಗೆ ಅದು ಅಡ್ಡ ಬರುವುದಿಲ್ಲ. ಕ್ಯಾನ್ವಾಸ್ ಮತ್ತು ದಪ್ಪ ಪಟ್ಟಿಗಳು ನೀರು ಕುಡಿದು ಭಾರವಾಗುವುದು ಬೇರೆ.

ಲಂಟಾನ, ಬಿದಿರುಮೆಳೆ ನುಗ್ಗಿ ಹೋಗೋ ನಮಗೆ ಹಗುರ ಬ್ಯಾಗ್ ಹರಿದೇ ಹೋಗುತ್ತೆ. ಅಲ್ಲಾದ್ರೂ ಮಿಲಿಟರಿದೇ ಮೇಲಲ್ವಾ?

ಅಲ್ಲಿ ಹೌದು, ಯಾವ ಅನುಮಾನವೂ ಬೇಡ. 9000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅದು ಅದರ ಡೆನಿಯರ್. ಸೇನಾ ಚೀಲಗಳಲ್ಲಿ 500 ಅಥವಾ 1000 ಡೆನಿಯರ್ ನೈಲಾನ್ ಸಾಮಾನ್ಯ. ಹಗುರದ ಚಾರಣದ ಚೀಲಗಳಲ್ಲಿ 100ರಿಂದ 210 ಡೆನಿಯರ್ ಬಟ್ಟೆ, ಪಕ್ಕದಲ್ಲಿ ಬಲೆಯ ಜೇಬು. ಲಂಟಾನದ ಮುಳ್ಳಿಗೆ ಆ ಬಲೆ ಮೊದಲ ತುತ್ತು. ಗಿಡ ಸಮೀಕ್ಷೆಗೆ, ಹಕ್ಕಿ ಗಣತಿಗೆ, ಕಾಡುಬೆಂಕಿ ಆರಿಸಲು ಸ್ವಯಂಸೇವಕರಾಗಿ ಹೋಗುವವರಿಗೆ, ದಾರಿ ಇಲ್ಲದ ಕಡೆ ಸಲಕರಣೆ ಹೊರುವವರಿಗೆ ದಪ್ಪ ಬಟ್ಟೆಯ ಚೀಲ ನಿಜವಾದ ಆಸರೆ. ನಿತ್ಯ ಸವೆದ ಕಾಲುದಾರಿಯಲ್ಲಿ ನಡೆಯುವವರಿಗೆ ಆ ರಕ್ಷಣೆ ಬೇಕಿಲ್ಲ. ಒಂದು ಎಚ್ಚರಿಕೆ: ಮಾಲಿ ಪಟ್ಟಿಗಳ ಸಂದು ಇಂಬಳಗಳಿಗೆ ಒಳ್ಳೆಯ ಅಡಗುತಾಣ. ಮಲೆನಾಡಿನಲ್ಲಿ ಕೂತೆದ್ದ ಮೇಲೆ ಚೀಲ ಒದರಿ ಹಾಕಿಕೊಳ್ಳಿ.

ಒಳಗಡೆ ಎಲ್ಲ ಅಂಟಂಟು, ವಾಂತಿ ಬರೋ ವಾಸನೆ. ತೊಳೆದ್ರೆ ಹೋಗುತ್ತಾ?

ಅಂಟು ಎಂದರೆ ಒಳಮೈಯ ಪಾಲಿಯುರೆಥೇನ್ ಲೇಪನ ತೇವಾಂಶಕ್ಕೆ ಒಡೆದು ಕರಗುತ್ತಿದೆ ಎಂದರ್ಥ. ನಮ್ಮ ಕರಾವಳಿ, ಮಲೆನಾಡಿನ ಹವೆಯಲ್ಲಿ ಕಪಾಟಿನೊಳಗಿಟ್ಟ ಚೀಲಕ್ಕೂ ಹೀಗಾಗುತ್ತದೆ. ಇದನ್ನು ಮೊದಲಿನಂತೆ ಮಾಡಲು ಬರುವುದಿಲ್ಲ. ಬೆಚ್ಚನೆಯ ನೀರು, ಸಾಬೂನು, ಬ್ರಷ್ಷಿನಿಂದ ಲೇಪನವನ್ನು ಪೂರ್ತಿ ಕೆರೆದು ತೆಗೆದರೆ ವಾಸನೆ ಹೋಗುತ್ತದೆ. ನೀರು ತಡೆಯುವ ಗುಣವೂ ಹೋಗುತ್ತದೆ, ಅದಕ್ಕೆ ಒಳಚೀಲ ಇದ್ದೇ ಇದೆ. ಬರೀ ಬೂಷ್ಟಾದರೆ ವಿನೆಗರ್ ಬೆರೆಸಿದ ನೀರಿನಲ್ಲಿ ಒರೆಸಿ ನೆರಳಲ್ಲಿ ಒಣಗಿಸಿ. ವಾಷಿಂಗ್ ಮಷೀನಿಗೆ ಹಾಕಬೇಡಿ. ಕೊಳ್ಳುವಾಗಲೇ ಚೀಲದೊಳಗೆ ಮೂಗಿಟ್ಟು ನೋಡುವುದು ಎಲ್ಲಕ್ಕಿಂತ ಒಳ್ಳೆಯದು.

## ಬಣ್ಣ ಮತ್ತು ಕಾನೂನು

ಚುಕ್ಕಿ ಬಣ್ಣದ (ಸೈನಿಕರ ಕ್ಯಾಮೊಫ್ಲಾಜ್) ಬ್ಯಾಗ್ ಹಾಕ್ಕೊಂಡ್ರೆ ಪೊಲೀಸ್ ಹಿಡೀತಾರಾ?

ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಂ ಹೇಳುವುದಿಷ್ಟು: ಸೈನಿಕನಲ್ಲದವನು, ತನ್ನನ್ನು ಜನ ಸೈನಿಕನೆಂದು ನಂಬಲಿ ಎಂಬ ಉದ್ದೇಶದಿಂದ ಸೈನಿಕರ ಉಡುಪನ್ನೋ ಗುರುತನ್ನೋ ಧರಿಸಿದರೆ ಮೂರು ತಿಂಗಳವರೆಗೆ ಸೆರೆ, ಅಥವಾ 2000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಉದ್ದೇಶವೇ ಅಲ್ಲಿ ಮುಖ್ಯ. ಹಸಿರು ಚೀಲ ಹೊತ್ತು ಬೆಟ್ಟ ಹತ್ತುವುದು ತಾನಾಗಿ ಅಪರಾಧವಾಗುವುದಿಲ್ಲ.

ಆದರೂ ನಾನು ಚುಕ್ಕಿ ಬಣ್ಣ ಬೇಡ ಎನ್ನುತ್ತೇನೆ. 2016ರ ಜನವರಿಯಲ್ಲಿ ಪಠಾಣ್‌ಕೋಟ್ ವಾಯುನೆಲೆಗೆ ನುಗ್ಗಿದವರು ಸೇನೆಯ ಉಡುಪಿನಲ್ಲಿದ್ದರು. ಆ ಬಳಿಕ ನಾಗರಿಕರು ಇಂಥ ಬಟ್ಟೆ ತೊಡಬೇಡಿ, ವ್ಯಾಪಾರಿಗಳು ಮಾರಬೇಡಿ ಎಂದು ಸೇನೆಯೇ ಕೇಳಿಕೊಂಡಿತು. 2022ರ ಜನವರಿ 15ರಂದು ಸೇನಾ ದಿನದ ಪಥಸಂಚಲನದಲ್ಲಿ ಮೊದಲು ಕಂಡ ಹೊಸ ಡಿಜಿಟಲ್ ವಿನ್ಯಾಸವನ್ನಂತೂ ಸೇನೆ ತನ್ನ ಹೆಸರಿನಲ್ಲಿ ನೋಂದಾಯಿಸಿಕೊಂಡಿದೆ. ಬೇರೆಯವರು ಅದನ್ನು ಹೊಲಿದು ಮಾರುವಂತಿಲ್ಲ. ಗಡಿ ಜಿಲ್ಲೆಗಳ ಚಾರಣಕ್ಕೆ, ಕಾಶ್ಮೀರಕ್ಕೆ, ಈಶಾನ್ಯಕ್ಕೆ ಹೋಗುವಾಗ ಆ ಬಣ್ಣ ಸುಮ್ಮನೆ ತೊಂದರೆ ತರುತ್ತದೆ. ನಮ್ಮಲ್ಲೂ ಕುದುರೆಮುಖದ ಸುತ್ತಲಿನ ಹಳ್ಳಿಗಳು ನಕ್ಸಲ್ ನಿಗ್ರಹ ಪಡೆಯ ಶೋಧವನ್ನು ವರ್ಷಗಟ್ಟಲೆ ಕಂಡಿವೆ. ಅಲ್ಲಿನ ಅಜ್ಜಿಯೊಬ್ಬರ ಅಂಗಳಕ್ಕೆ ನೀರು ಕೇಳಿಕೊಂಡು ಹೋಗುವವರು ಅವರಿಗೆ ಗಾಬರಿಯಾಗುವಂತೆ ಹೋಗಬಾರದು. ಬರೀ ಹಸಿರು, ಕಂದು ಅಥವಾ ಕಪ್ಪು ಚೀಲ ಆರಿಸಿ.

ವಿದೇಶ ಪ್ರವಾಸಕ್ಕೆ ಅದೇ ಬ್ಯಾಗ್ ತಗೊಂಡು ಹೋಗ್ಬಹುದಾ?

ದೇಶ ನೋಡಿಕೊಂಡು. ಬಾರ್ಬಡೋಸ್, ಜಮೈಕಾ, ಟ್ರಿನಿಡಾಡ್ ಮುಂತಾದ ಕೆರಿಬಿಯನ್ ದೇಶಗಳಲ್ಲಿ ನಾಗರಿಕರು ಚುಕ್ಕಿ ಬಣ್ಣ ತೊಡುವುದೇ ಕಾನೂನುಬಾಹಿರ. ಕ್ರಿಕೆಟ್ ನೋಡಲು ಹೋಗುವವರು ನೆನಪಿಡಿ.

ಹಸಿರು ಬ್ಯಾಗ್ ಕಾಡಿನಲ್ಲಿ ಪ್ರಾಣಿಗಳಿಗೆ ಕಾಣಲ್ಲ, ಒಳ್ಳೇದು ಅಂತಾರೆ. ನಿಜನಾ?

ಪ್ರಾಣಿಗಳಿಗಿಂತ ಮೊದಲು ನಿಮ್ಮ ಗುಂಪಿನವರಿಗೇ ಕಾಣುವುದಿಲ್ಲ. ಆನೆಗೆ ನಿಮ್ಮ ವಾಸನೆ ಸಾಕು, ಬಣ್ಣ ಬೇಕಿಲ್ಲ. ಮಂಜು ಮುಸುಕಿದ ಹುಲ್ಲುಗಾವಲಿನಲ್ಲಿ ಜಾರಿಬಿದ್ದವರನ್ನು ಹುಡುಕುವಾಗ ಹಸಿರು ಚೀಲ ಹತ್ತಿರದಿಂದಲೂ ಕಣ್ಣಿಗೆ ಬೀಳದು. ಕಿತ್ತಳೆ ಅಥವಾ ಹಳದಿ ರೇನ್ ಕವರ್ ಒಂದನ್ನು ಮೇಲಿನ ಜೇಬಿನಲ್ಲೇ ಇಟ್ಟುಕೊಳ್ಳಿ, ಒಂದು ಸೀಟಿಯನ್ನೂ.

## ಪಳಗಿದವರಿಗೆ

ಆಲಿಸ್ ಫ್ರೇಮ್ ಇಟ್ಕೊಂಡು ಪಟ್ಟಿಗಳನ್ನ ಬದಲಾಯಿಸಿದ್ರೆ ಟ್ರೆಕ್ಕಿಂಗ್ ಬ್ಯಾಗ್ ಆಗುತ್ತಾ?

ಬಹುಮಟ್ಟಿಗೆ ಆಗುತ್ತದೆ. ದೊಡ್ಡ ಆಲಿಸ್ ಚೀಲಕ್ಕೆ ಮಾಲಿಯ ಹೆಗಲಪಟ್ಟಿಯನ್ನೂ ಸೊಂಟಪಟ್ಟಿಯನ್ನೂ ಕೂಡಿಸುವುದು ಅಮೆರಿಕದ ಹವ್ಯಾಸಿಗಳಲ್ಲಿ ಹಳೆಯ ರೂಢಿ. ಹೆಲ್‌ಕ್ಯಾಟ್ ಎಂಬ ಹೆಸರೂ ಅದಕ್ಕಿದೆ. ಹೆಗಲಪಟ್ಟಿಯನ್ನು ಚೌಕಟ್ಟಿನ ಮೇಲಿನ ಅಡ್ಡಗಂಬಿಗೆ ಸುತ್ತಿ ಕಟ್ಟುತ್ತಾರೆ. ಸೊಂಟಪಟ್ಟಿಯನ್ನು ಕೆಳಗಂಬಿಗೆ, ಮೂಲ ಮೆತ್ತೆಯ ಜಾಗದಲ್ಲಿ. ಮುಖ್ಯವಾಗಿ ಗಮನಿಸಬೇಕಾದದ್ದು ಸೊಂಟಪಟ್ಟಿ ಚೌಕಟ್ಟಿಗೆ ಬಿಗಿಯಾಗಿ ಕೂತಿದೆಯೇ ಎಂಬುದು. ಜೋತಾಡಿದರೆ ಭಾರ ಮತ್ತೆ ಹೆಗಲಿಗೇ ಹೋಗುತ್ತದೆ. ಚೌಕಟ್ಟಿನ ರಿವೆಟ್ಟುಗಳು ಸಡಿಲಾಗಿವೆಯೇ, ಕೊಳವೆ ಬಾಗುವ ಕಡೆ ಸೀಳು ಬಿಟ್ಟಿದೆಯೇ ನೋಡಿ. ಸೀಳಿದ ಅಲ್ಯುಮಿನಿಯಂ ಬೆಸುಗೆ ಎಲ್ಲ ಗ್ಯಾರೇಜಿನಲ್ಲೂ ಆಗುವುದಿಲ್ಲ. ಎಲ್ಲವನ್ನೂ ಬೇರೆಬೇರೆಯಾಗಿ ಕೊಂಡರೆ ಖರ್ಚು ಒಳ್ಳೆಯ ನಾಗರಿಕ ಚೀಲದ ಹತ್ತಿರ ಬಂದುಬಿಡುತ್ತದೆ. ಕೈಕೆಲಸದಲ್ಲಿ ಖುಷಿ ಇದ್ದರೆ ಮಾಡಿ, ದುಡ್ಡು ಉಳಿಸಲಿಕ್ಕೆಂದು ಬೇಡ.

ಮಾಲಿ ಪಟ್ಟಿಗೆ ಸುತ್ತ ಪೌಚ್‌ಗಳನ್ನ ತೂಗಿಹಾಕಿದ್ರೆ ಎಲ್ಲ ಕೈಗೆ ಸಿಗುತ್ತೆ. ಇನ್ನೇನು ಬೇಕು?

ಭಾರ ಬೆನ್ನುಮೂಳೆಗೆ ಹತ್ತಿರವಿದ್ದಷ್ಟೂ ನಡಿಗೆ ನೆಟ್ಟಗಿರುತ್ತದೆ. ಹೊರಮೈಗೆ ಒಂದು ಕಿಲೋ ತೂಗಿಸಿದರೆ ಅದು ನಿಮ್ಮನ್ನು ಹಿಂದಕ್ಕೆ ಎಳೆಯುತ್ತದೆ, ನೀವು ಸರಿದೂಗಿಸಲು ಮುಂದಕ್ಕೆ ಬಾಗುತ್ತೀರಿ, ಸಂಜೆಗೆ ಕೆಳಬೆನ್ನು ನೋಯುತ್ತದೆ. ಬಂಡೆ ಏರುವಾಗ ಪಕ್ಕದ ಜೇಬು ಕಲ್ಲಿಗೆ ತಗುಲಿ ಸಮತೋಲ ತಪ್ಪಿಸುತ್ತದೆ. ನೀರು, ಅಕ್ಕಿ, ಸ್ಟೌವಿನಂಥ ಭಾರದ್ದನ್ನು ಒಳಗೆ, ಬೆನ್ನಿಗೆ ಒತ್ತಿ, ಹೆಗಲೆಲುಬಿನ ಎತ್ತರಕ್ಕೆ ಇಡಿ. ಹೊರಗೆ ಬೇಕಾದ್ದು ಒಂದೇ ಜೇಬು: ಪ್ರಥಮ ಚಿಕಿತ್ಸೆಯದ್ದು.

ಹಿಮಾಲಯದ ಆರು ದಿನದ ಟ್ರೆಕ್‌ಗೆ ಬುಕ್ ಮಾಡಿದ್ದೀನಿ. ಇರೋ ಮಾಲಿ ಬ್ಯಾಗೇ ಸಾಕಲ್ವಾ?

ಡೇರೆ, ಅಡುಗೆ ಸಾಮಾನನ್ನು ಹೇಸರಗತ್ತೆಯೋ ಹೊರೆಯಾಳುಗಳೋ ಹೊರುವ ಪ್ರವಾಸವಾದರೆ ನಿಮ್ಮ ಬೆನ್ನಿಗೆ ಬರುವುದು ಎಂಟು ಒಂಬತ್ತು ಕಿಲೋ. ಅದಕ್ಕೆ ಮೂರೂವರೆ ಕಿಲೋ ಚೀಲ ತೀರಾ ಅತಿಯಾಯಿತು. ಎತ್ತರದಲ್ಲಿ ಉಸಿರೇ ದುಬಾರಿ. ಬಹಳಷ್ಟು ಚಾರಣ ಸಂಸ್ಥೆಗಳು ತಳಶಿಬಿರದಲ್ಲಿ ಚೀಲ ಬಾಡಿಗೆಗೆ ಕೊಡುತ್ತವೆ, ಕೇಳಿ ನೋಡಿ. ಚೀಲವನ್ನು ಹೊರೆಯಾಳಿಗೆ ಕೊಡುವ ಯೋಚನೆ ಇದ್ದರೆ ಇನ್ನೂ ಹಗುರದ್ದನ್ನೇ ಒಯ್ಯಿರಿ, ಆ ತೂಕ ಇನ್ನೊಬ್ಬರ ಮಂಡಿಯ ಮೇಲೆ ಬೀಳುತ್ತದೆ.

ನಾನು ಅಮೆರಿಕದಲ್ಲಿ ಓದ್ತಿದ್ದೀನಿ. ಇಲ್ಲಿ ಸರ್‌ಪ್ಲಸ್ ಅಂಗಡೀಲಿ ಅಸಲಿ ಮಾಲೇ ಅಗ್ಗಕ್ಕೆ ಸಿಗುತ್ತೆ. ಅಪಲಾಚಿಯನ್ ಟ್ರೇಲ್‌ಗೆ ತಗೊಳ್ಳಲಾ?

ವಾರಾಂತ್ಯಕ್ಕೆ ಒಂದು ರಾತ್ರಿಯ ನಡಿಗೆಗಾದರೆ ತಗೊಳ್ಳಿ. ಚಾರಣ ನಿಮಗೆ ಒಗ್ಗುತ್ತದೆಯೇ ಎಂದು ತಿಳಿಯಲು ಅದು ಅಗ್ಗದ ದಾರಿ. ಜಾರ್ಜಿಯಾದಿಂದ ಮೇನ್‌ವರೆಗಿನ ಪೂರ್ತಿ ದಾರಿ ಸುಮಾರು 3500 ಕಿಲೋಮೀಟರ್, ತಿಂಗಳುಗಟ್ಟಲೆಯ ನಡಿಗೆ. ಅದನ್ನು ಮುಗಿಸುವವರು ಚೀಲದಿಂದ ಗ್ರಾಂ ಗ್ರಾಂ ಕಳೆಯುತ್ತಾರೆ. ಕೊಳ್ಳುವ ಕ್ರಮವನ್ನೂ ತಿರುವು ಹಾಕಿ. ಮಲಗುವ ಚೀಲ, ಡೇರೆ, ಅಡುಗೆ ಸಾಮಾನು ಮೊದಲು ಹೊಂದಿಸಿಕೊಂಡು, ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿ ತೂಗಿ, ಬೆನ್ನುಚೀಲವನ್ನು ಕೊನೆಗೆ ಕೊಳ್ಳಿ. ಎಷ್ಟು ಲೀಟರ್ ಬೇಕೆಂದು ಆಗ ನಿಖರವಾಗಿ ಗೊತ್ತಾಗುತ್ತದೆ.

ಟ್ರೆಕ್‌ಗೆ ಬೇಡ ಅಂತಾದ್ರೆ ಮನೇಲಿರೋ ದೊಡ್ಡ ಬ್ಯಾಗನ್ನ ಏನು ಮಾಡ್ಲಿ?

ತಾಲೀಮಿಗೆ ಬಳಸಿ. ಚಾರಣಕ್ಕೆ ಆರು ವಾರ ಇರುವಾಗ ಆ ಚೀಲಕ್ಕೆ ನೀರಿನ ಬಾಟಲಿಗಳನ್ನು ತುಂಬಿ ಮೆಟ್ಟಿಲು ಹತ್ತಿ. ಕಲ್ಲು, ಮರಳಿಗಿಂತ ನೀರು ಒಳ್ಳೆಯದು, ಮೇಲೆ ಹೋಗಿ ಚೆಲ್ಲಿಬಿಟ್ಟರೆ ಇಳಿಯುವಾಗ ಮಂಡಿ ಉಳಿಯುತ್ತದೆ. ಐದು ಕಿಲೋದಿಂದ ಶುರುಮಾಡಿ, ವಾರಕ್ಕೆ ಒಂದು ಕಿಲೋದಂತೆ ಏರಿಸಿ, ಚಾರಣದ ದಿನ ಹೊರಬೇಕಾದ ಭಾರ ತಲುಪಿದ ಮೇಲೆ ಮತ್ತೆ ಏರಿಸಬೇಡಿ.